‘ಜೈವಿಕ ಸಮ್ಮಿಶ್ರ’ವೆಂಬ ಹೆಸರಿನ ವಿಚಾರ

ಎಪಾಕ್ಸಿ ರಾಳವನ್ನು ಜೀವಜನ್ಯ ವಸ್ತುಗಳ ಅತಿಸೂಕ್ಷ್ಮವಾದ ಎಳೆಗಳಿಂದ ಬಲಪಡಿಸುವ ವಿದ್ಯೆಯು ಈಚಿನ ದಶಕಗಳಲ್ಲಿ ಬೆಳೆದುಬಂದಿದೆ. ಹೀಗೆ ಸಿದ್ಧವಾದ ವಸ್ತುವನ್ನು ‘ಜೈವಿಕ ಸಮ್ಮಿಶ್ರ’ವೆಂದು ಕರೆಯುವುದುಂಟು. ಈ ಹೆಸರು ಸಾಧುವೇ ಎಂಬುದನ್ನು ವಿಮರ್ಶಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ವಸ್ತುಸ್ಥಿತಿಯನ್ನು ನೋಡೋಣ. ರೇಷ್ಮೆಯ ಫೈಬ್ರಾಯಿನ್, ಸೀಗಡಿಯ ಚಿಪ್ಪಿನಿಂದ ಪಡೆಯುವ ಕೈಟೋಸಾನ್, ಸಸ್ಯಮೂಲವಾದ ಸೆಲ್ಯುಲೋಸ್ ಅಸಿಟೇಟ್ ಮುಂತಾದುವನ್ನು ತಕ್ಕ ದ್ರವದಲ್ಲಿ ಕರಗಿಸಿ ಸೂಜಿಯಿಂದ ಹೊರಬಿಡುತ್ತಾರೆ. ಸೂಜಿಗೂ ಎದುರಿನ ಲೋಹದ ಫಲಕಕ್ಕೂ ನಡುವೆ ಹಲವು ಸಾವಿರ ವೋಲ್ಟುಗಳ ವಿದ್ಯುತ್ತನ್ನು ಹೂಡಿದರೆ, ತುದಿಯ ಹನಿಯು ಶಂಕುವಿನಂತೆ ಚಾಚಿ, ಎಳೆಯಾಗಿ ಹಾರಿ, ದಾರಿಯಲ್ಲಿಯೇ ಆರಿ, ಫಲಕದ ಮೇಲೆ ಹಾಸಾಗಿ ಬೀಳುವುದು. ಎಳೆಯ ವ್ಯಾಸವು ಸಾಮಾನ್ಯವಾಗಿ ಕೆಲವು ನೂರು ನ್ಯಾನೋಮೀಟರು ಮಾತ್ರ. ಇಂಥ ನೂಲುವಿಕೆಗೆ ಆಂಟನ್ ಫಾರ್ಮ್‌ಹಾಲ್ಸ್ ಎಂಬಾತನು ೧೯೩೪ರಲ್ಲಿಯೇ ಅಮೆರಿಕದ ಪೇಟೆಂಟನ್ನು ಪಡೆದಿದ್ದನು.

ಗಟ್ಟಿಯಾದ ಎಪಾಕ್ಸಿಯು ಪೆಡಸು. ಬಿರುಕೊಂದು ಹುಟ್ಟಿತೆಂದರೆ ಸುಲಭವಾಗಿ ಹಬ್ಬುವುದು. ಎಳೆಗಳು ಆ ಬಿರುಕಿಗೆ ಅಡ್ಡಲಾಗಿ ನಿಂತು ಎರಡು ದಡಗಳನ್ನೂ ಹಿಡಿಯುವುವು. ೧೯೯೯ರಲ್ಲಿ ಕಿಮ್ ಮತ್ತು ರೆನೆಕರ್ ಎಂಬ ವಿದ್ವಾಂಸರು ಇದನ್ನು ಪರೀಕ್ಷಿಸಿದಾಗ ಬಳಸಿದುದು ಪಾಲಿಬೆಂಜಿಮಿಡಜೋಲ್ ಎಂಬ ಕೃತಕ ಎಳೆಯನ್ನು. ಆದಕಾರಣ ಗುಣವು ಎಳೆಯ ಸೂಕ್ಷ್ಮತೆಗೂ ರಾಳದೊಡನೆ ಅದಕ್ಕಿರುವ ಹಿಡಿತಕ್ಕೂ ಸೇರಿದುದು, ಜೀವಮೂಲಕ್ಕಲ್ಲ. ಜೀವಮೂಲದಿಂದ ತೊಡಕೂ ಉಂಟು: ಕೈಟೋಸಾನಿನಂಥವು ನೀರನ್ನು ಹೀರುವುವು. ಎಳೆ ಯಾವುದೇ ಆಗಲಿ, ರಾಳವು ಹಾಸಿನೊಳಕ್ಕೆ ಪೂರ್ತಿ ಇಳಿಯದಿದ್ದರೆ ಗಾಳಿಗುಳ್ಳೆಗಳುಳಿದು ಬಲವೇ ಕುಂದುವುದು.

ಇನ್ನು ಹೆಸರಿನ ಮಾತು. ಸಾಮಾನ್ಯವಾದ ಎಪಾಕ್ಸಿಯು ಬಿಸ್ಫೀನಾಲ್-ಎ ಮತ್ತು ಎಪಿಕ್ಲೋರೋಹೈಡ್ರಿನ್‌ಗಳಿಂದ ಆದುದು. ಅದರ ಅಣುಗಳು ಬಲೆಯಂತೆ ಹೆಣೆದುಕೊಂಡ ಮೇಲೆ ಕಾಯಿಸಿದರೂ ಕರಗದು. ಮಣ್ಣಿನಲ್ಲಿ ಹೂತರೂ ಸುಲಭವಾಗಿ ಕೊಳೆಯದು. ಎಳೆಗಳ ಪಾಲೋ ಬಹುವೇಳೆ ನೂರಕ್ಕೆ ಕೆಲವೇ ಅಂಶ. ಈ ಅಲ್ಪಾಂಶದ ಗುಣವನ್ನು ಇಡಿಯ ವಸ್ತುವಿಗೆ ಆರೋಪಿಸಬಹುದೇ?

ಲಕ್ಷಣೆಯಿಂದ ಹಾಗೆ ಹೇಳಬಹುದೆಂದು ಕೆಲವರು ಸಮಾಧಾನ ಹೇಳಿಯಾರು. ಆದರೆ ‘ಗಂಗೆಯಲ್ಲಿ ಹಟ್ಟಿ’ ಎಂದಾಗ ನೀರಿನ ಮೇಲೆ ಹಟ್ಟಿಯಿರದೆಂಬುದು ಕೇಳುವವನಿಗೆ ಗೊತ್ತು. ಮುಖ್ಯಾರ್ಥಕ್ಕೆ ಬಾಧೆಯುಂಟಾಗಿ ಅವನು ದಡವೆಂದು ತಿಳಿಯುವನು. ‘ಜೈವಿಕ’ವೆಂಬಲ್ಲಿ ಆ ಬಾಧೆಯೇ ತೋರುವುದಿಲ್ಲ. ಓದುವವನು ವಾಚ್ಯಾರ್ಥವನ್ನೇ ನಂಬಿ, ವಸ್ತುವೆಲ್ಲ ಮಣ್ಣಿಗೆ ಮರಳುವುದೆಂದು ಭಾವಿಸುವನು. ಇದು ಲಕ್ಷಣೆಯಲ್ಲ, ಭ್ರಾಂತಿ.

‘ಜೀವಜನ್ಯ ಎಳೆಗಳಿಂದ ಬಲಗೊಂಡ ಎಪಾಕ್ಸಿ’ ಎಂಬುದು ಉದ್ದವಾದ ಹೆಸರು ನಿಜ. ಆದರೆ ಅದರಲ್ಲಿ ಸುಳ್ಳಿಲ್ಲ. ಹೊಸ ವಿದ್ಯೆಗೆ ಕನ್ನಡದಲ್ಲಿ ಹೆಸರಿಡುವವರು ಅಂದಕ್ಕಿಂತ ಅರ್ಥವನ್ನು ಮುಂದಿಟ್ಟುಕೊಳ್ಳಬೇಕೆಂದು ನಮ್ಮ ಅಭಿಪ್ರಾಯ.