ಕೆಸರಿನ ಕಮಲ ಎಂಬ ರೂಪಕ

ಏಪ್ರಿಲ್ ಬಂತೆಂದರೆ ನಮ್ಮ ಊರುಗಳಲ್ಲಿ ಹದಿನಾರು ಪುಟ, ಮೂವತ್ತೆರಡು ಪುಟದ ಪುಸ್ತಿಕೆಗಳು ಹುಟ್ಟಿಕೊಳ್ಳುತ್ತವೆ. ಮುಖಪುಟದಲ್ಲಿ ನೀಲಿ ಕೋಟು, ಕಂಕುಳಲ್ಲಿ ಸಂವಿಧಾನ. ಒಳಗೆ ಜನನ, ಬಾಲ್ಯದ ಕಷ್ಟ, ಕೊಲಂಬಿಯಾ, ಲಂಡನ್, ಮಹಾಡ್, ಪೂನಾ ಒಪ್ಪಂದ, ಸಂವಿಧಾನ, ನಾಗಪುರ, ಪರಿನಿಬ್ಬಾಣ. ಬರೆದವರಲ್ಲಿ ನಮ್ಮವರೂ ಇದ್ದಾರೆ, ಬೇರೆಯವರೂ ಇದ್ದಾರೆ. ಆದರೆ ಒಂದು ಮಾತಿಗೆ ಬಂದಾಗ ಎಲ್ಲರೂ ಒಂದಾಗಿಬಿಡುತ್ತಾರೆ: ಬಾಬಾಸಾಹೇಬರು ಕೆಸರಿನಲ್ಲಿ ಅರಳಿದ ಕಮಲ.

ನನ್ನ ತಕರಾರು ಈ ರೂಪಕದ ಬಗ್ಗೆ. ಅವರು ಕಮಲವಾದರೆ ಕೆಸರು ಯಾರು? ಕೇರಿಯೇ? ಕೇರಿಯ ಅವ್ವಂದಿರೇ? ಸೈನ್ಯದಲ್ಲಿ ಸುಬೇದಾರನಾಗಿದ್ದು, ಮಕ್ಕಳನ್ನು ನಸುಕಿಗೇ ಎಬ್ಬಿಸಿ ಓದಿಸುತ್ತಿದ್ದ ರಾಮಜಿ ಸಕ್ಪಾಲರೇ? ಜಾತಿಯೇ ಕೆಸರು ಎಂದು ಸಮಜಾಯಿಷಿ ಕೊಡಬಹುದು. ಆದರೆ ರೂಪಕ ಹಾಗೆ ಕೆಲಸ ಮಾಡುವುದಿಲ್ಲ. ಅದು ಹೊಲಸನ್ನು ಜಾತಿ ಕಟ್ಟಿದವನ ಮೈಗೆ ಹತ್ತಿಸುವ ಬದಲು ಜಾತಿಯನ್ನು ಉಂಡವನ ಮೈಗೇ ಮೆತ್ತುತ್ತದೆ. ಮೇಲಾಗಿ ಕಮಲಕ್ಕೂ ಕೆಸರಿಗೂ ಅಂಟು ಇರುವುದಿಲ್ಲವೆಂಬುದು ನಮ್ಮ ಕಾವ್ಯದ ಹಳೆಯ ನಂಬಿಕೆ. ಹೀಗೆ ಒಂದೇ ಏಟಿಗೆ ಅಂಬೇಡ್ಕರರನ್ನು ಅವರ ಜನರಿಂದ ಬಿಡಿಸಿ, ದೇವರ ಪೂಜೆಗೆ ಒಯ್ಯಲು ಅನುಕೂಲವಾಗುವಂತೆ ಬುಟ್ಟಿಯಲ್ಲಿ ಇಟ್ಟದ್ದಾಯಿತು.

ಇದು ಕೇವಲ ಪದಬಳಕೆಯ ಪ್ರಶ್ನೆ ಅಲ್ಲ. 'ಮಹಾಪುರುಷರ ಜೀವನ ಮತ್ತು ಸಾಧನೆ' ಎಂಬ ಬರವಣಿಗೆಯ ಪ್ರಕಾರವೇ ಪುರಾಣದ ಅಚ್ಚಿನಲ್ಲಿ ಎರಕ ಹೊಯ್ದದ್ದು. ಅವತಾರ, ಬಾಲಲೀಲೆ, ಪರೀಕ್ಷೆ, ದುಷ್ಟಸಂಹಾರ, ನಿರ್ಯಾಣ. ಹೆಸರು ಬದಲಾಯಿಸಿದರೆ ಅದೇ ಅಚ್ಚಿನಲ್ಲಿ ಯಾರನ್ನಾದರೂ ಕೂರಿಸಬಹುದು. ಧನಂಜಯ ಕೀರರು ಮೊದಲು ಸಾವರ್ಕರರ ಜೀವನಚರಿತ್ರೆ ಬರೆದರು. 1954ರಲ್ಲಿ, ಅಂಬೇಡ್ಕರ್ ಇನ್ನೂ ಬದುಕಿದ್ದಾಗಲೇ, ಇಂಗ್ಲಿಷಿನಲ್ಲಿ ಅವರ ಚರಿತ್ರೆಯನ್ನೂ ಬರೆದರು. ಕೀರರ ಶ್ರಮ ದೊಡ್ಡದು. ಆ ಪುಸ್ತಕವಿಲ್ಲದೆ ಇವತ್ತಿಗೂ ನಮ್ಮ ಕೆಲಸ ನಡೆಯುವುದಿಲ್ಲ, ಆ ಋಣವನ್ನು ಒಪ್ಪಿಕೊಳ್ಳೋಣ. ಆದರೆ ಅದರ ಧಾಟಿ ವೀರಗಾಥೆಯದು. ಮರಾಠಿಯಲ್ಲಿ ಚಾಂಗದೇವ ಖೈರಮೋಡೆಯವರು 1952ರಿಂದ ತರಲು ಶುರುಮಾಡಿದ ಸಂಪುಟಗಳು, ಅವರು 1971ರಲ್ಲಿ ತೀರಿಕೊಂಡ ಮೇಲೂ ಬರುತ್ತಾ ಹನ್ನೆರಡಾದವು. ಅವು ಒಂದು ಚಳವಳಿಯ ಕಡತದ ಹಾಗಿವೆ. ಕನ್ನಡದ ಪುಸ್ತಿಕೆಗಳು ಕಡತದ ದಾರಿ ಬಿಟ್ಟು ಗಾಥೆಯ ದಾರಿ ಹಿಡಿದವು. ಅದು ಸುಲಭದ ದಾರಿ, ಭಾಷಣಕ್ಕೂ ಒದಗುತ್ತದೆ.

ಸ್ವತಃ ಅಂಬೇಡ್ಕರ್ ಈ ಪ್ರಕಾರದ ಬಗ್ಗೆ ಏನನ್ನುತ್ತಿದ್ದರು? 1956ರಲ್ಲಿ 'ಬುದ್ಧ ಮತ್ತು ಆತನ ಧಮ್ಮ'ಕ್ಕೆ ಬರೆದ ಮುನ್ನುಡಿಯಲ್ಲಿ ಅವರು ತಮ್ಮ ಬಾಲ್ಯದ ಒಂದು ಜಗಳವನ್ನು ದಾಖಲಿಸಿದ್ದಾರೆ. ಅಪ್ಪ ಮಕ್ಕಳಿಗೆ ರಾಮಾಯಣ ಮಹಾಭಾರತ ಓದಿಸುತ್ತಿದ್ದರು. ನಮ್ಮನ್ನು ತುಚ್ಛವಾಗಿ ಕಾಣುವ ಈ ಪುಸ್ತಕಗಳನ್ನು ಯಾಕೆ ಓದಬೇಕು ಎಂದು ಹುಡುಗ ಕೇಳಿದ. ಅಪ್ಪನ ಉತ್ತರ ನಮ್ಮ ಇವತ್ತಿನ ಪುಸ್ತಿಕೆಗಳ ಉತ್ತರವೇ: ದ್ರೋಣ, ಕರ್ಣ, ವಾಲ್ಮೀಕಿಯಂಥ ಸಣ್ಣವರು ಎಷ್ಟು ಎತ್ತರಕ್ಕೆ ಏರಿದರು ನೋಡು, ಅದನ್ನು ಓದಿದರೆ ನಿನ್ನ ಕೀಳರಿಮೆ ಹೋಗುತ್ತದೆ. ಆ ಮಾತಿನಲ್ಲಿ ಹುರುಳಿದೆ ಅನಿಸಿದರೂ ಹುಡುಗನಿಗೆ ಸಮಾಧಾನವಾಗಲಿಲ್ಲ. ಭೀಷ್ಮ, ದ್ರೋಣ, ಕೃಷ್ಣ, ಕೊನೆಗೆ ರಾಮ, ಒಬ್ಬೊಬ್ಬರ ನಡತೆಯನ್ನೂ ಎತ್ತಿ ಆಡಿದ. ಅಪ್ಪ ಸುಮ್ಮನಾದರು. ಅದಕ್ಕೂ ಮುನ್ನ, 1907ರಲ್ಲಿ ಮೆಟ್ರಿಕ್ ಪಾಸಾದಾಗ ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಎಂಬ ಮೇಷ್ಟ್ರು ತಾವೇ ಮರಾಠಿಯಲ್ಲಿ ಬರೆದ ಬುದ್ಧನ ಚರಿತ್ರೆಯೊಂದನ್ನು ಅವನ ಕೈಗಿಟ್ಟಿದ್ದರು. ಅದನ್ನು ಓದಿದ ಮೇಲೆಯೇ ಅವನು ಅಪ್ಪನನ್ನು ಪ್ರಶ್ನೆ ಮಾಡಿದ್ದು. ಅಂದರೆ ಚರಿತ್ರೆ ಓದುವುದೇ ತಪ್ಪು ಎಂದು ಯಾರೂ ಹೇಳುತ್ತಿಲ್ಲ. ಒಂದು ಚರಿತ್ರೆ ಅವನಿಗೆ ಏರುವುದನ್ನು ಕಲಿಸಲು ಬಂತು, ಇನ್ನೊಂದು ಪ್ರಶ್ನೆ ಕೇಳುವ ಧೈರ್ಯ ಕೊಟ್ಟಿತು. ಈ ಮುನ್ನುಡಿ 1957ರ ಮೊದಲ ಮುದ್ರಣದಲ್ಲಿ ಸೇರಲಿಲ್ಲ. ಭಗವಾನ್ ದಾಸ್ ಅದನ್ನು 1980ರಲ್ಲಿ ಹೊರತಂದರು.

ಈಗ 'ವೀಸಾಕ್ಕಾಗಿ ಕಾಯುತ್ತಾ' ಎಂಬ ಸಣ್ಣ ಬರಹಕ್ಕೆ ಬರುತ್ತೇನೆ. ಪೀಪಲ್ಸ್ ಎಜುಕೇಶನ್ ಸೊಸೈಟಿ ಇದನ್ನು ಪುಸ್ತಿಕೆಯಾಗಿ ಪ್ರಕಟಿಸಿದ್ದು 1990ರಲ್ಲಿ. ಅಂಬೇಡ್ಕರ್ ತಮ್ಮ ಬದುಕಿನ ಬಗ್ಗೆ ನೇರವಾಗಿ ಬರೆದದ್ದು ತೀರಾ ಕಡಿಮೆ, ಅದರಲ್ಲಿ ಮುಖ್ಯವಾದದ್ದು ಇದೇ. ಆರು ಪ್ರಸಂಗಗಳಿವೆ. ಮೊದಲನೆಯದು 1901ರದ್ದು. ತಾಯಿ ಇಲ್ಲ, ಸೋದರತ್ತೆ ಕಾಯಿಲೆ ಮನುಷ್ಯಳು. ತಂದೆ ಗೋರೆಗಾಂವಿನಲ್ಲಿ ಖಜಾಂಚಿ. ಅಲ್ಲಿ ಬರಪೀಡಿತರಿಗೆ ಕೂಲಿ ಕೊಡಲು ಸರ್ಕಾರ ಕೆರೆ ತೋಡಿಸುತ್ತಿತ್ತು. ಬೇಸಿಗೆ ರಜೆಗೆ ಅಪ್ಪನ ಹತ್ತಿರ ಹೊರಟ ಮಕ್ಕಳು ಹೊಸ ಅಂಗಿ, ಜರಿ ಟೋಪಿ, ರೇಷ್ಮೆ ಅಂಚಿನ ಪಂಚೆ ಹಾಕಿಕೊಂಡು ಮಸೂರು ಸ್ಟೇಷನ್ನಿನಲ್ಲಿ ಇಳಿಯುತ್ತಾರೆ. ಸ್ಟೇಷನ್ ಮಾಸ್ತರ ಪ್ರೀತಿಯಿಂದಲೇ ಮಾತನಾಡಿಸುತ್ತಾನೆ. ಮಹಾರರು ಅಂದ ತಕ್ಷಣ ಮುಖ ತಿರುಗಿಸುತ್ತಾನೆ. ಎರಡು ಪಟ್ಟು ಬಾಡಿಗೆ ಕೊಟ್ಟು, ಮಕ್ಕಳೇ ಗಾಡಿ ಹೊಡೆದುಕೊಂಡು, ಗಾಡಿಯವ ಪಕ್ಕದಲ್ಲಿ ನಡೆದು ಬರುವಂತೆ ಕರಾರಾಗುತ್ತದೆ. ಬುತ್ತಿ ಇದೆ, ಕುಡಿಯಲು ನೀರಿಲ್ಲ. ಸುಂಕದ ಕಟ್ಟೆಯಲ್ಲಿ ಮುಸಲ್ಮಾನರೆಂದು ಹೇಳಿಕೊಂಡು ಉರ್ದುವಿನಲ್ಲಿ ಕೇಳಿದರೂ ನೀರು ಸಿಗುವುದಿಲ್ಲ.

ಪುಸ್ತಿಕೆಗಳಲ್ಲಿ ಈ ಪ್ರಸಂಗ ತಪ್ಪದೆ ಬರುತ್ತದೆ. ಆದರೆ ಅದು ಬರುವುದು ಮುಂದಿನ ಸಾಧನೆಗೆ ಮೆಟ್ಟಿಲಾಗಿ. ಅಂದು ನೀರು ಸಿಗದ ಬಾಲಕ ಮುಂದೆ ದೇಶಕ್ಕೇ ಸಂವಿಧಾನ ಕೊಟ್ಟ ಅಂತ ಒಂದು ವಾಕ್ಯ ಬರೆದು ಮುಂದಕ್ಕೆ ಹೋಗಿಬಿಡುತ್ತಾರೆ. ಆ ಮಾತಿನಲ್ಲಿ ಅವಮಾನ ಒಂದು ಹೂಡಿಕೆಯಾಗಿಬಿಡುತ್ತದೆ, ಕೊನೆಗೆ ಬಡ್ಡಿ ಸಮೇತ ವಸೂಲಾಯಿತು ಎಂಬ ಹಾಗೆ. ಮೂಲದಲ್ಲಿ ಇಂಥ ಲೆಕ್ಕ ಇಲ್ಲ. ಎರಡನೆಯ ಪ್ರಸಂಗದಲ್ಲಿ ಕೊಲಂಬಿಯಾ ಕಂಡು ಬಂದ ಯುವಕನನ್ನು ಬರೋಡದ ಪಾರ್ಸಿ ಛತ್ರದಿಂದ ಲಾಠಿ ಹಿಡಿದವರು ಹೊರಹಾಕುತ್ತಾರೆ. ಮೂರನೆಯದು 1929ರ ಚಾಳೀಸ್‌ಗಾಂವ್. ಆಗ ಅವರು ಬ್ಯಾರಿಸ್ಟರು, ಬೊಂಬಾಯಿ ಸರ್ಕಾರದ ಸಮಿತಿಯೊಂದರ ಸದಸ್ಯರು. ಟಾಂಗಾದವನು ಅವರನ್ನು ಕೂರಿಸಿಕೊಳ್ಳಲು ಒಪ್ಪುವುದಿಲ್ಲ. ಅತಿಥಿಯನ್ನು ನಡೆಸಿಕೊಂಡು ಹೋದರೆ ಮರ್ಯಾದೆಯಲ್ಲ ಎಂದು ಮಹಾರವಾಡದ ಜನ ಟಾಂಗಾ ಮಾತ್ರ ಬಾಡಿಗೆಗೆ ಪಡೆದು, ಹೊಡೆದು ಅಭ್ಯಾಸವಿಲ್ಲದ ತಮ್ಮವನೊಬ್ಬನನ್ನು ಕೂರಿಸುತ್ತಾರೆ. ಹೊಳೆಯ ಮೋರಿಯ ಮೇಲೆ ಟಾಂಗಾ ತಪ್ಪಿ, ಅಂಬೇಡ್ಕರ್ ಕಲ್ಲುಹಾಸಿನ ಮೇಲೆ ಬಿದ್ದು ಕಾಲು ಮುರಿಯುತ್ತದೆ. ಡಿಗ್ರಿ ಏರಿದಂತೆ ಜಾತಿ ಇಳಿಯುತ್ತದೆ ಎಂಬ ಕಥೆಯನ್ನು ಈ ಮೂರು ಪ್ರಸಂಗಗಳು ಸಾಲಾಗಿ ನಿಂತು ಸುಳ್ಳು ಮಾಡುತ್ತವೆ. ಟಾಂಗಾ ಹೊಡೆಯುವ ಬಡವನಿಗೂ ಬ್ಯಾರಿಸ್ಟರನಿಗಿಂತ ತಾನು ಮೇಲು ಅನ್ನುವ ಭಾವನೆ ಇದೆಯೆಂಬುದನ್ನು ಅವರು ತಣ್ಣಗೆ ಗಮನಿಸುತ್ತಾರೆ. ಕೇರಿಯ ಜನರ ಸ್ವಾಭಿಮಾನವನ್ನಂತೂ ಎಲ್ಲೂ ಹಳಿಯುವುದಿಲ್ಲ. ಆ ಮಹಾರವಾಡವನ್ನು ಕೆಸರು ಅನ್ನುವವರು ಈ ಪುಟವನ್ನು ಇನ್ನೊಮ್ಮೆ ಓದಬೇಕು.

ನಾಲ್ಕನೆಯದು 1934ರಲ್ಲಿ ದೌಲತಾಬಾದ್ ಕೋಟೆಯ ಕೊಳದಲ್ಲಿ ಕೈಕಾಲು ತೊಳೆದಾಗ ಎದ್ದ ಗಲಾಟೆ. ಇಲ್ಲಿಂದಾಚೆಗೆ, ನನ್ನ ಪ್ರಕಾರ, ಈ ಬರಹದ ನಿಜವಾದ ಬಂಡಾಯವಿದೆ. ಕೊನೆಯ ಎರಡು ಪ್ರಸಂಗಗಳು ಅಂಬೇಡ್ಕರರವೇ ಅಲ್ಲ. ಒಂದು ಕಾಠಿಯಾವಾಡದ ಶಾಲಾಮಾಸ್ತರನದು. ಹೆರಿಗೆಯ ನಂತರ ಕಾಯಿಲೆ ಬಿದ್ದ ಅವನ ಹೆಂಡತಿಯನ್ನು ಡಾಕ್ಟರು ಮುಟ್ಟಲಿಲ್ಲ. ಮುಸಲ್ಮಾನನೊಬ್ಬನ ಕೈಯಿಂದ ಥರ್ಮಾಮೀಟರ್ ದಾಟಿಸಿ ನೋಡಿದ. ಆಕೆ ಸತ್ತಳು. 1929ರ ಡಿಸೆಂಬರಿನಲ್ಲಿ 'ಯಂಗ್ ಇಂಡಿಯಾ'ದಲ್ಲಿ ಬಂದ ಪತ್ರ ಅದು. ಇನ್ನೊಂದು ಖೇಡಾ ಜಿಲ್ಲೆಯ ಬೋರ್ಸದ್‌ನಲ್ಲಿ ತಲಾಟಿ ಕೆಲಸಕ್ಕೆ ಸೇರಿದ ಭಂಗಿ ಯುವಕನದು, ಕಚೇರಿಯಲ್ಲಿ ಅವನಿಗೆ ನೀರಿಗೆ ಬೇರೆ ತುಕ್ಕು ಹಿಡಿದ ಡಬ್ಬಿ ಇಟ್ಟಿದ್ದರು. ಆತ್ಮಕಥನ ಬರೆಯಲು ಕೂತ ದೊಡ್ಡ ಮನುಷ್ಯನೊಬ್ಬ ಕೊನೆಯ ಅಧ್ಯಾಯವನ್ನು ಹೀಗೆ ಇನ್ನೊಬ್ಬರಿಗೆ ಬಿಟ್ಟುಕೊಡುವುದನ್ನು ಬೇರೆಲ್ಲಿ ನೋಡಿದ್ದೇವೆ? ಅವರು ತಮ್ಮನ್ನು ನಾಯಕನ ಪಟ್ಟದಿಂದ ಇಳಿಸಿ ಸಾಕ್ಷಿಗಳ ಸಾಲಿನಲ್ಲಿ ಒಬ್ಬರಾಗಿ ನಿಲ್ಲಿಸಿಕೊಂಡಿದ್ದಾರೆ.

ನಾನು ಪಾಠ ಮಾಡುವ ಕಡೆ ಬಿ.ಎ. ಎರಡನೆಯ ವರ್ಷದ ಹುಡುಗಿಯೊಬ್ಬಳು ಕೇಳಿದಳು: "ಸಾರ್, ಅವರು ಅಷ್ಟು ಬುದ್ಧಿವಂತರು, ಅದಕ್ಕೇ ಗೆದ್ರು. ನಂ ಥರ ನಲವತ್ತು ಪರ್ಸೆಂಟಿನೋರು ಏನ್ ಮಾಡ್ಬೇಕು?" ಸಾಧನೆಯ ಪಟ್ಟಿಗಳು ನಮ್ಮ ಮಕ್ಕಳ ಮೇಲೆ ಮಾಡುತ್ತಿರುವ ಕೆಲಸ ಇದು. ಸ್ಟಾಫ್ ರೂಮಿನಲ್ಲಿ ಇದೇ ಮಾತು ಬೇರೆ ವೇಷದಲ್ಲಿ ಬರುತ್ತದೆ: "ಅಂಬೇಡ್ಕರ್ ರಿಸರ್ವೇಶನ್ ಇಲ್ದೇನೇ ಓದ್ಲಿಲ್ವೇನ್ರೀ, ಪ್ರತಿಭೆ ಇದ್ರೆ ಯಾರೂ ತಡೆಯೋಕಾಗಲ್ಲ." ಹೀಗೆ ಅಂಬೇಡ್ಕರರ ಬುದ್ಧಿಯನ್ನೇ ಕೋಲು ಮಾಡಿಕೊಂಡು ಅವರ ಮೊಮ್ಮಕ್ಕಳಿಗೆ ಬಾರಿಸುವುದು. ಅವರ ಓದಿನ ಹಿಂದೆ ಬರೋಡದ ಸಯ್ಯಾಜಿರಾಯರು ಮೂರು ವರ್ಷ ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಕೊಟ್ಟ ವಿದ್ಯಾರ್ಥಿವೇತನ ಇತ್ತು, ಅದಕ್ಕೆ ಪ್ರತಿಯಾಗಿ ಹತ್ತು ವರ್ಷ ಚಾಕರಿಯ ಕರಾರಿತ್ತು ಎನ್ನುವುದನ್ನು ಇಂಥವರು ಮರೆತಿರುತ್ತಾರೆ. ವಿದ್ಯಾರ್ಥಿವೇತನ ಅಂದರೆ ಏನು, ಪ್ರತಿಭೆಗೆ ದಾರಿ ಬೇಕು ಅಂತ ತಾನೆ? ಅದು ಅರಸನ ಕೃಪೆಯಾಗಿರಬಾರದು, ಹಕ್ಕಾಗಬೇಕು ಎಂಬುದಕ್ಕೇ ಅವರು ಮುಂದೆ ಕಾನೂನಿನ ಮೂಲಕ ಹೆಣಗಿದ್ದು.

ಅಂಬೇಡ್ಕರ್ 1943ರ ಜನವರಿಯಲ್ಲಿ ಪುಣೆಯಲ್ಲಿ ರಾನಡೆಯವರ ಬಗ್ಗೆ ಮಾಡಿದ ಭಾಷಣ ವಿಮರ್ಶೆಯ ಪಠ್ಯವಾಗಿ ನಮ್ಮಲ್ಲಿ ಚರ್ಚೆಯಾದದ್ದು ಕಡಿಮೆ. ಇತಿಹಾಸದಲ್ಲಿ ವ್ಯಕ್ತಿಗೆ ಪಾತ್ರವೇ ಇಲ್ಲ ಅನ್ನುವ ವಾದವನ್ನು ಅವರು ಒಪ್ಪುವುದಿಲ್ಲ. ಆದರೆ ದೊಡ್ಡವನನ್ನು ಗೌರವಿಸುವುದು ಬೇರೆ, ಅವನಿಗೆ ಬುದ್ಧಿಯನ್ನು ಒಪ್ಪಿಸಿಬಿಡುವುದು ಬೇರೆ ಎಂದು ಸ್ಪಷ್ಟವಾಗಿ ಗೆರೆ ಎಳೆಯುತ್ತಾರೆ. 1949ರ ನವೆಂಬರಿನಲ್ಲಿ ಸಂವಿಧಾನ ಸಭೆಯ ಮುಂದೆಯೂ ರಾಜಕಾರಣದಲ್ಲಿನ ಭಕ್ತಿಯ ಬಗ್ಗೆ ಎಚ್ಚರಿಸಿದರು. ಈ ಎರಡನ್ನೂ ಹೇಳಿದವರ ಚರಿತ್ರೆಯನ್ನು ನಾವು ಭಕ್ತಿಯಿಂದ ಬರೆಯುತ್ತಿದ್ದೇವೆ. ಜಯಂತಿಗೆ ಹೂವಿನ ಹಾರ ಹಾಕುವುದಕ್ಕೆ ನನ್ನ ವಿರೋಧವಿಲ್ಲ. ಮೆರವಣಿಗೆ ಹೋಗದ ಬೀದಿಯಲ್ಲಿ ಮೆರವಣಿಗೆ ಹೋಗುವುದೇ ಒಂದು ರಾಜಕಾರಣ, ಅದನ್ನು ಹೀಗಳೆಯುವ ನಗರದ ಬುದ್ಧಿಜೀವಿಗಳ ಮಾತು ನನಗೆ ಬೇಡ. ನನ್ನ ಪ್ರಶ್ನೆ ಬರಹದ್ದು.

ಮಹಾಡನ್ನೇ ತಗೊಳ್ಳಿ. 1927ರ ಮಾರ್ಚ್ 20ರಂದು ಚೌದಾರ್ ಕೆರೆಯ ನೀರು ಮುಟ್ಟಿದ್ದು ಪುಸ್ತಿಕೆಗಳಲ್ಲಿ ಒಬ್ಬರ ಸಾಧನೆ. ಆದರೆ ಎಸ್.ಕೆ. ಬೋಲೆಯವರ 1923ರ ಶಾಸನಸಭೆಯ ಠರಾವು, ಪರಿಷತ್ತನ್ನು ಸಂಘಟಿಸಲು ಓಡಾಡಿದ ಆರ್.ಬಿ. ಮೋರೆ, ಡಿಸೆಂಬರಿನ ಎರಡನೆಯ ಪರಿಷತ್ತಿಗೆ ಯಾರೂ ಜಾಗ ಕೊಡದಿದ್ದಾಗ ಜಾಗ ಕೊಟ್ಟ ಫತೇಖಾನ್, ತಲೆಗೆ ಏಟು ತಿಂದು ಊರಿಗೆ ಹೋದವರು, ಇವರೆಲ್ಲ ಎಲ್ಲಿ? ಹೆಂಗಸರ ವಿಷಯದಲ್ಲಿ ಇನ್ನೂ ಕಷ್ಟ. ರಮಾಬಾಯಿ ಎಂದರೆ ಬೆರಣಿ ತಟ್ಟಿದ ತ್ಯಾಗಮಯಿ, ಅಲ್ಲಿಗೆ ಮುಗಿಯಿತು. ಊರ್ಮಿಳಾ ಪವಾರ್ ಮತ್ತು ಮೀನಾಕ್ಷಿ ಮೂನ್ 1989ರಲ್ಲಿ ಊರೂರು ತಿರುಗಿ ಚಳವಳಿಯ ಹೆಂಗಸರನ್ನು ಮಾತನಾಡಿಸಿ ಮರಾಠಿಯಲ್ಲಿ ಪುಸ್ತಕ ಮಾಡಿದರು. ನಾವೂ ಇತಿಹಾಸ ಕಟ್ಟಿದೆವು ಎಂಬರ್ಥದ ಹೆಸರು ಅದಕ್ಕೆ. ಹೆಸರಲ್ಲೇ ತಕರಾರಿದೆ, ಗಮನಿಸಿ.

ಕನ್ನಡದಲ್ಲಿ ಇಂಥ ಬರವಣಿಗೆಗೆ ದಾರಿ ಇಲ್ಲವೆಂದಲ್ಲ. ಸಿದ್ಧಲಿಂಗಯ್ಯನವರ 'ಊರುಕೇರಿ'ಯ ಆರಂಭದಲ್ಲೇ ನೊಗಕ್ಕೆ ಕಟ್ಟಿದ ಇಬ್ಬರು ಮನುಷ್ಯರು ಬರುತ್ತಾರೆ, ಅದರಲ್ಲಿ ಒಬ್ಬರು ಲೇಖಕರ ಅಪ್ಪ. ಅದನ್ನು ಮುಂದಿನ ಸಾಧನೆಯ ಮುನ್ನುಡಿಯಾಗಿ ಅವರು ಬಳಸಿಕೊಳ್ಳುವುದಿಲ್ಲ. ಆ ಕೇರಿಯಲ್ಲಿ ನಗು ಇದೆ, ದೆವ್ವಗಳಿವೆ, ಕಿಲಾಡಿತನವಿದೆ. ಅದು ಕೆಸರಲ್ಲ, ಜನ ಬದುಕಿದ ಜಾಗ. ಹಾಗೆ ಬರೆಯಲು ಬರುವ ಭಾಷೆ ನಮ್ಮ ಜೀವನಚರಿತ್ರೆಗಳಿಗೆ ಯಾಕೆ ಹಿಡಿಸಲಿಲ್ಲವೋ.

ಅಂಬೇಡ್ಕರ್ 1925ರಲ್ಲಿ ನಿಪ್ಪಾಣಿಯ ಪರಿಷತ್ತಿಗೆ ಬಂದಿದ್ದರು. 1954ರಲ್ಲಿ ಕೋಲಾರದ ಚಿನ್ನದ ಗಣಿಗೂ ಬಂದಿದ್ದರು. ನಿಪ್ಪಾಣಿಯಲ್ಲಿ ಆವತ್ತು ಕೂತು ಕೇಳಿದವರು ಈಗ ಇಲ್ಲ. ಕೆ.ಜಿ.ಎಫ್.ನಲ್ಲಿ ಅಪ್ಪನ ಹೆಗಲ ಮೇಲೆ ಕೂತು ನೋಡಿದ ಮಕ್ಕಳು ಬದುಕಿದ್ದರೆ ಈಗ ಎಪ್ಪತ್ತೈದು, ಎಂಬತ್ತು ದಾಟಿರುತ್ತಾರೆ. ಗಣಿ 2001ರಲ್ಲಿ ಮುಚ್ಚಿತು, ಲೈನು ಮನೆಗಳಿಂದ ಜನ ಚದುರಿಹೋಗುತ್ತಿದ್ದಾರೆ. ಬೆಳಿಗ್ಗೆ ಕೆಲಸಕ್ಕೆ ಬೆಂಗಳೂರಿಗೆ ಬರುವ ರೈಲಿನಲ್ಲಿ ಅವರ ಮೊಮ್ಮಕ್ಕಳು ಸಿಗುತ್ತಾರೆ. ಟೇಪು ಹಿಡಿದುಕೊಂಡು ಯಾರಾದರೂ ಹೋಗಿ ಅಜ್ಜ ಅಜ್ಜಿಯರನ್ನು ಕೇಳಬೇಕಾದದ್ದು ಬಾಬಾಸಾಹೇಬರು ಏನು ಮಾತಾಡಿದರು ಅಂತ ಅಷ್ಟೇ ಅಲ್ಲ, ಆವತ್ತು ಪಾಳಿ ತಪ್ಪಿಸಿ ಯಾರ್‍ಯಾರು ಬಂದಿದ್ದರು, ಕೂಲಿ ಹೋಯಿತೇ, ಮನೆಗೆ ಹೋಗಿ ಏನು ಹೇಳಿದರು, ಮಾರನೆಯ ದಿನ ಗಣಿಯೊಳಗೆ ಇಳಿಯುವಾಗ ಮೇಸ್ತ್ರಿಯ ಎದುರು ಹೇಗೆ ನಿಂತರು ಅಂತ.