ಹರಿಹರದ ಶಾಸನವೂ ಸಂಧಿವಿಧಿಯೂ

ದಾವಣಗೆರೆ ನಗರಕ್ಕೆ ಸಮೀಪದಲ್ಲಿ ತುಂಗಭದ್ರಾತೀರದಲ್ಲಿರುವ ಹರಿಹರಕ್ಷೇತ್ರವು ಶೈವವೈಷ್ಣವ ಮತಗಳ ಐಕ್ಯಕ್ಕೆ ದೃಷ್ಟಾಂತವೆಂದು ಪಂಡಿತರಿಂದ ಉದಾಹರಿಸಲ್ಪಡುತ್ತಿರುವುದು ವಾಚಕರಿಗೆ ವಿದಿತವೇ ಆಗಿದೆ. ಹೊಯ್ಸಳ ಎರಡನೆಯ ನರಸಿಂಹನ ಮಂತ್ರಿಯೂ ಸೇನಾಪತಿಯೂ ಆಗಿದ್ದ ಪೋಲಾಳ್ವ ದಂಡನಾಥನು ಕ್ರಿ. ಶ. 1224ರ ಸುಮಾರಿಗೆ ಇಲ್ಲಿಯ ದೇವಾಲಯವನ್ನು ಕಟ್ಟಿಸಿದನು. ಮೂರ್ತಿಯ ಬಲಭಾಗವು ಹರ, ಎಡಭಾಗವು ಹರಿ. ಹರಿಯಲ್ಲದೆ ದೈವವಿಲ್ಲವೆಂಬವರಿಗೂ ಹರನಲ್ಲದೆ ದೈವವಿಲ್ಲವೆಂಬವರಿಗೂ ಉಂಟಾದ ಸಂಶಯವನ್ನು ಪರಿಹರಿಸುವುದಕ್ಕಾಗಿ ಕೂಡಲೂರಿನಲ್ಲಿ ಏಕಮೂರ್ತಿಯು ಪ್ರಕಟವಾಯಿತೆಂಬುದು ಇಲ್ಲಿಯ ಶಾಸನಪದ್ಯವೊಂದರ ತಾತ್ಪರ್ಯ.

ಪದ್ಯವು ರಮಣೀಯವಾದುದೇ ಸರಿ. ಆದರೆ ಪ್ರಜೆಗಳೊಳಗಣ ಕಲಹವನ್ನು ಶಮನಗೊಳಿಸುವ ಶಕ್ತಿಯು ಇಂತಹ ವಾಕ್ಯಕ್ಕೆ ಎಷ್ಟರಮಟ್ಟಿಗೆ ಉಂಟೆಂಬುದು ವಿಚಾರಾರ್ಹ. ಮೀಮಾಂಸಕರ ಪರಿಭಾಷೆಯಲ್ಲಿ ಇದು ಅರ್ಥವಾದ, ಎಂದರೆ ಸ್ತುತಿವಾಕ್ಯ. ಇಂಥದನ್ನು ಇಂಥವನು ಮಾಡತಕ್ಕದ್ದೆಂದು ಅದು ವಿಧಿಸುವುದಿಲ್ಲ. ಸ್ಥಳಪುರಾಣವನ್ನು ನೋಡಿದರೂ, ಹರಿಯೊಬ್ಬನಿಂದಾಗಲಿ ಹರನೊಬ್ಬನಿಂದಾಗಲಿ ಸಾಯದಂತೆ ವರಪಡೆದ ಗುಹಾಸುರನ ವಧೆಗಾಗಿ ಈರ್ವರೂ ಒಂದಾದರು. ಸಮಾನಶತ್ರುವಿನಿಂದ ಹುಟ್ಟಿದ ಐಕ್ಯವು ಶತ್ರುನಾಶಾನಂತರ ಯಾವುದನ್ನು ಆಶ್ರಯಿಸಿ ನಿಲ್ಲಬೇಕೆಂಬುದನ್ನು ಕಥೆಯು ಹೇಳದು. ಮೇಲಾಗಿ ಎರಡು ಭಾಗಗಳುಳ್ಳ ಮೂರ್ತಿಯಲ್ಲಿ ಮೂರನೆಯವರಾದ ಜೈನರಿಗೆ ಎಡೆಯಿಲ್ಲ.

ಈ ನ್ಯೂನತೆಯನ್ನು ಅರಿಯಲು ವಿಜಯನಗರದ ಬುಕ್ಕರಾಯನ 1368ನೆಯ ಇಸವಿಯ ಶಾಸನವನ್ನು ಜೊತೆಯಲ್ಲಿಟ್ಟು ಓದತಕ್ಕದ್ದು. ಅದು ಶ್ರವಣಬೆಳ್ಗೊಳದಲ್ಲಿಯೂ ಮಾಗಡಿ ಸೀಮೆಯ ಕಲ್ಯದಲ್ಲಿಯೂ ದೊರೆತಿದೆ. ಭಕ್ತರಿಂದ, ಎಂದರೆ ಶ್ರೀವೈಷ್ಣವರಿಂದ, ತಮಗೆ ಅನ್ಯಾಯವಾಗುತ್ತಿದೆಯೆಂದು ಜೈನರು ಬಿನ್ನಹಮಾಡಲು, ಅರಸನು ಉಭಯರನ್ನೂ ಕೂಡಿಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ದರ್ಶನಗಳೆರಡಕ್ಕೂ ಭೇದವಿಲ್ಲವೆಂದನು. ಇಲ್ಲಿಗೆ ಅರ್ಥವಾದವು ಮುಗಿಯಿತು. ವಿಧಿಯು ಅನಂತರ ಬರುತ್ತದೆ: ಜೈನರಿಗೆ ಪಂಚಮಹಾವಾದ್ಯವೂ ಕಲಶವೂ ಸಲ್ಲತಕ್ಕದ್ದು, ಅವರಿಗಾದ ಹಾನಿಯನ್ನು ವೈಷ್ಣವರು ತಮ್ಮ ಹಾನಿಯೆಂದೇ ಎಣಿಸತಕ್ಕದ್ದು, ಜೈನರ ಮನೆಯೊಂದಕ್ಕೆ ವರ್ಷಕ್ಕೆ 1 ಹಣದಂತೆ ಎತ್ತಿ, ಅದರಿಂದ ತಿರುಮಲೆಯ ತಾತಯ್ಯನು ಬೆಳ್ಗೊಳದ ದೇವರ ಕಾವಲಿಗೆ 20 ಆಳುಗಳನ್ನು ನಿಯಮಿಸಿ, ಉಳಿದುದರಿಂದ ಜೀರ್ಣಜಿನಾಲಯಗಳನ್ನು ಉದ್ಧರಿಸತಕ್ಕದ್ದು, ಮೀರಿದವನು ರಾಜದ್ರೋಹಿ, ಸಂಘದ್ರೋಹಿ.

ಇದರ ಶೈಲಿಯಲ್ಲಿ ಅಲಂಕಾರವಿಲ್ಲ. ಕರ್ತೃ, ದ್ರವ್ಯ, ಕಾಲ, ದಂಡ ಇವೆಲ್ಲವೂ ಇವೆ. ಆದರೂ ದೋಷಗಳುಂಟು. ಸಂಧಿಪತ್ರದ ಮೊದಲಲ್ಲಿರುವ ಶ್ಲೋಕವು ರಾಮಾನುಜರನ್ನು ಪರಮತಗಳ ಕಡಲಿಗೆ ಬಡಬಾಗ್ನಿಯೆಂದು ಸ್ತುತಿಸುತ್ತದೆ. ನೊಂದವರ ಪತ್ರಕ್ಕೆ ಪ್ರಬಲರ ಮಂಗಳವಾಕ್ಯ! ಕಾವಲಿನ ವೆಚ್ಚವೂ ನೊಂದವರ ಮೇಲೆಯೇ ಬಿದ್ದಿತು. ಆದರೆ ಅದೇ ಕಾವಲನ್ನು ಪ್ರತಿಪಕ್ಷದವನ ಹೊಣೆಗೆ ಒಪ್ಪಿಸಿದುದು ಅಲ್ಪಚಾತುರ್ಯವಲ್ಲ. ಕಾಯತಕ್ಕವನು ಕೆಡಿಸಿದರೆ ಅಪರಾಧವು ಅಡಗಲಾರದಷ್ಟೆ.

ಈ ವಿವೇಚನೆಯು ಪ್ರಾಚೀನಕ್ಕೆ ಮಾತ್ರ ಸಲ್ಲತಕ್ಕದ್ದಲ್ಲ. ಆಫ್ರಿಕಾಖಂಡದ ದಕ್ಷಿಣ ಸುಡಾನ್ ದೇಶದವರು ಖಾರ್ಟೂಮಿನ ಸರ್ಕಾರವನ್ನು ಎದುರಿಸುವುದರಲ್ಲಿ ಬಹುಮಟ್ಟಿಗೆ ಒಂದಾಗಿ 2011ರಲ್ಲಿ ಸ್ವಾತಂತ್ರ್ಯವನ್ನು ಪಡೆದರು. ಸಮಾನಶತ್ರುವು ದೂರವಾದ ಮೇಲೆ, 2013ರಲ್ಲಿ, ತಮ್ಮತಮ್ಮೊಳಗೇ ಯುದ್ಧಕ್ಕಿಳಿದರು. 2015ರ ಒಪ್ಪಂದವು 2016ರಲ್ಲಿ ಮುರಿದು, 2018ರಲ್ಲಿ ನವೀಕೃತವಾಯಿತು. ಉಭಯಸೈನ್ಯಗಳನ್ನು ಒಂದುಗೂಡಿಸುವ ವಿಧಿಯು ಅದರಲ್ಲಿ ಇದ್ದೇ ಇತ್ತು. ಆಚರಣೆಯು ಮಾತ್ರ ಅವಧಿಯನ್ನು ಮೀರಿ ಹಿಂದುಳಿಯಿತು.

ಹೀಗಿರಲು ಹರಿಹರದ ಪದ್ಯವು ವ್ಯರ್ಥವೆಂದು ತಿಳಿಯತಕ್ಕದ್ದಲ್ಲ. ವಿಧಿಯಲ್ಲಿ ಪ್ರವೃತ್ತಿಯನ್ನು ಹುಟ್ಟಿಸುವುದೇ ಅರ್ಥವಾದದ ಪ್ರಯೋಜನವಾದುದರಿಂದ, ಭೇದವಿಲ್ಲವೆಂಬ ನಂಬಿಕೆಯಿಲ್ಲದವನು 20 ಆಳುಗಳ ಕಾವಲನ್ನು ಮನಃಪೂರ್ವಕವಾಗಿ ನಡೆಸಲಾರನು. ಆದುದರಿಂದ ಹರಿಹರದ ಶಾಸನವನ್ನು ಪ್ರಶಂಸಿಸುವವರು ಬುಕ್ಕರಾಯನ ಶಾಸನವನ್ನೂ ಅದರೊಡನೆ ಏಕವಾಕ್ಯವಾಗಿ ಓದುವುದು ಯುಕ್ತ.