ಬಿಳಿ ಕುದುರೆಯ ಚಾಕರಿ

ಇಂಗ್ಲೆಂಡಿಗೆ ಹೋದವರು ಪುರಾತನವಾದದ್ದೇನಾದರೂ ನೋಡಬೇಕೆಂದರೆ ನೇರವಾಗಿ ಸ್ಟೋನ್‌ಹೆಂಜ್‌ಗೆ ಹೊರಡುತ್ತಾರೆ. ಟಿಕೆಟು, ಸರದಿ ಸಾಲು, ಹಗ್ಗದಾಚೆ ಕಲ್ಲು. ಹೋಗಬೇಡಿ ಅನ್ನುವುದಿಲ್ಲ. ಆದರೆ ಕೈಯಲ್ಲಿ ಒಂದೇ ದಿನವಿದೆ, ಹಳ್ಳಿಗಾಡನ್ನೂ ನೋಡಿದಂತಾಗಬೇಕು ಅನ್ನುವವರಿಗೆ ನಾನು ಹೇಳುವುದು ಆಕ್ಸ್‌ಫರ್ಡ್‌ಶೈರ್‌ನ ಅಫಿಂಗ್ಟನ್ ಬೆಟ್ಟದ ಬಿಳಿ ಕುದುರೆಯನ್ನು. ರೀಡಿಂಗ್, ಸ್ವಿಂಡನ್ ಕಡೆ ಮಕ್ಕಳ ಮನೆಗೆ ಹೋದವರಿಗಂತೂ ಹತ್ತಿರ. ಗಾಡಿ ನಿಲ್ಲಿಸಲು ದುಡ್ಡು ಕೊಟ್ಟರೆ ಸಾಕು. ಬೆಟ್ಟಕ್ಕೆ ಬಾಗಿಲೂ ಇಲ್ಲ, ಟಿಕೆಟ್ಟೂ ಇಲ್ಲ.

ಬೆಟ್ಟದ ಎತ್ತರ 261 ಮೀಟರ್. ನಮ್ಮ ಲೆಕ್ಕದಲ್ಲಿ ಗುಡ್ಡವೇ ಸರಿ, ಆದರೆ ಆ ಜಿಲ್ಲೆಗೆ ಅದೇ ಶಿಖರ. ಅದರ ಹುಲ್ಲಿನ ಇಳಿಜಾರಿನಲ್ಲಿ ಕಂದಕ ತೋಡಿ, ಸೀಮೆಸುಣ್ಣದ ಕಲ್ಲು ತುಂಬಿ, ಸುಮಾರು 110 ಮೀಟರ್ ಉದ್ದದ ಕುದುರೆ ಬರೆದಿದ್ದಾರೆ. ಎರಡು ಕಾಲು ಮೈಗೆ ಅಂಟಿಯೇ ಇಲ್ಲ. ಮೂತಿಯ ಜಾಗದಲ್ಲಿ ಹಕ್ಕಿಯ ಕೊಕ್ಕಿನಂಥದ್ದೇನೋ ಇದೆ. ಆದರೂ ಇದು ಕುದುರೆಯೇ, ಅದೂ ನಾಗಾಲೋಟದ ಕುದುರೆ ಎನ್ನುವುದರಲ್ಲಿ ನೋಡಿದವರಿಗೆ ಅನುಮಾನ ಉಳಿಯುವುದಿಲ್ಲ.

ಕ್ರಿ.ಶ. 871ರ ಯುದ್ಧದ ಗೆಲುವಿಗಾಗಿ ಆಲ್ಫ್ರೆಡ್ ದೊರೆ ಇದನ್ನು ಕೊರೆಸಿದನೆಂದು ಜನ ಬಹುಕಾಲ ನಂಬಿದ್ದರು. ಹಳೆಯ ಕೆಲ್ಟಿಕ್ ನಾಣ್ಯಗಳ ಕುದುರೆಗೂ ಇದಕ್ಕೂ ಹೋಲಿಕೆ ಕಂಡವರು ವಯಸ್ಸನ್ನು ಇನ್ನಷ್ಟು ಹಿಂದಕ್ಕೆ ತಳ್ಳಿದರು. 1990ರ ದಶಕದಲ್ಲಿ ಕಂದಕದ ತಳದ ಮಣ್ಣು ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ ಎಂಬುದನ್ನು ಅಳೆದಾಗ ಸಿಕ್ಕಿದ್ದು ಕ್ರಿ.ಪೂ. 1380ರಿಂದ 550ರ ನಡುವಿನ ಕಾಲ. ಅಂದರೆ ರೋಮನ್ನರು ಬರುವ ಹೊತ್ತಿಗೇ ಕುದುರೆ ಹಳೆಯದಾಗಿತ್ತು.

ನನಗೆ ಅದರ ವಯಸ್ಸಿಗಿಂತ ಹೆಚ್ಚಾಗಿ ಕಾಣುವುದು ಅದರ ಹಿಂದಿನ ದುಡಿಮೆ. ಕೆಲವು ವರ್ಷ ಕೈಬಿಟ್ಟರೆ ಸಾಕು, ಅಂಚಿನ ಹುಲ್ಲು ಒಳಗೆ ನುಗ್ಗುತ್ತದೆ, ಮೇಲಿನ ಮಣ್ಣು ಜಾರಿ ಬೀಳುತ್ತದೆ, ಕುದುರೆ ಮಾಯ. ರೋಮನ್ನರು ಬಂದು ಹೋದರು, ಸ್ಯಾಕ್ಸನ್ನರು ಬಂದರು, ನಾರ್ಮನ್ನರು ಬಂದರು; ಭಾಷೆ ಬದಲಾಯಿತು, ದೇವರು ಬದಲಾದ. ಯಾಕೆ ಕೊರೆದರೆನ್ನುವುದೇ ಮರೆತುಹೋಯಿತು. ಆದರೂ ಪ್ರತಿ ಕಾಲದಲ್ಲೂ ಯಾರೋ ಬೆಟ್ಟ ಹತ್ತಿ ಕಳೆ ಕಿತ್ತಿದ್ದಾರೆ. ನಡುವೆ ಎರಡು ಮೂರು ತಲೆಮಾರು ಉದಾಸೀನ ಮಾಡಿದ್ದರೂ ಇವತ್ತು ನೋಡಲು ಏನೂ ಇರುತ್ತಿರಲಿಲ್ಲ.

ಹಿಂದೆ ಈ ಕೆಲಸಕ್ಕೆ ಜಾತ್ರೆಯೇ ಸೇರುತ್ತಿತ್ತು. ಬೆಟ್ಟದ ತುದಿಯ ಕಬ್ಬಿಣ ಯುಗದ ಕೋಟೆಯೊಳಗೆ ಕುಸ್ತಿ, ದೊಣ್ಣೆವರಸೆ, ಓಟದ ಪಂದ್ಯ. ಕೆಳಗಿನ ಕಡಿದಾದ ಕಮರಿಗೆ ಚೀಸ್ ಗಾಲಿ ಉರುಳಿಸಿ ಅದರ ಹಿಂದೆ ಓಡುವ ಆಟ. 1857ರ ಜಾತ್ರೆಯನ್ನು ಅಫಿಂಗ್ಟನ್‌ನಲ್ಲೇ ಹುಟ್ಟಿದ ಕಾದಂಬರಿಕಾರ ಥಾಮಸ್ ಹ್ಯೂಸ್ ಪುಸ್ತಕವಾಗಿಸಿದ. ಎರಡನೇ ಮಹಾಯುದ್ಧದಲ್ಲಿ ಶತ್ರು ವಿಮಾನಗಳಿಗೆ ಗುರುತು ಸಿಗಬಾರದೆಂದು ಇಡೀ ಕುದುರೆಗೆ ಹುಲ್ಲುಹೆಪ್ಪೆ, ಬೇಲಿಸೊಪ್ಪು ಹೊದಿಸಿದ್ದರು. ಯುದ್ಧ ಮುಗಿದ ಮೇಲೆ ಅದನ್ನೂ ಬಿಡಿಸಬೇಕಾಯಿತು.

ಈಗ ಜಾಗದ ಒಡೆತನ ನ್ಯಾಷನಲ್ ಟ್ರಸ್ಟ್‌ನದು. ಬೇಸಿಗೆಯಲ್ಲಿ ಸ್ವಯಂಸೇವಕರು ಬರುತ್ತಾರೆ. ಹಬ್ಬಕ್ಕೆ ಗೋಡೆಗೆ ಸುಣ್ಣ ಬಳಿದು ಇಳಿದಂತೆ ಮುಗಿಯುವ ಕೆಲಸವಲ್ಲ ಇದು. ಮಂಡಿಯೂರಿ ಕೂತು ಮೊದಲು ಕಳೆ ಕೀಳಬೇಕು, ಹೊಸ ಸೀಮೆಸುಣ್ಣದ ಹೆಂಟೆ ಹರಡಬೇಕು, ಅದು ಪುಡಿಯಾಗಿ ಹಳೆಯದರೊಂದಿಗೆ ಕೂಡಿಕೊಳ್ಳುವವರೆಗೆ ಸುತ್ತಿಗೆಯಿಂದ ಜಜ್ಜಬೇಕು. ಪಕ್ಕದ ವಿಲ್ಟ್‌ಶೈರ್‌ನ ವೆಸ್ಟ್‌ಬರಿಯಲ್ಲೂ ಒಂದು ಬಿಳಿ ಕುದುರೆಯಿದೆ. 1950ರ ದಶಕದಲ್ಲಿ ಖರ್ಚು ಉಳಿಸಲೆಂದು ಅದಕ್ಕೆ ಕಾಂಕ್ರೀಟ್ ಹಾಕಿ ಬಿಳಿ ಬಣ್ಣ ಬಳಿದರು. ದೂರದಿಂದ ಅದೂ ಚೆಂದವೇ. ಆದರೆ ಅದರೊಂದಿಗೆ ಊರಿನವರ ಕೈಕೆಲಸದ ನಂಟು ಉಳಿಯಲಿಲ್ಲ.

ನೋಡುವ ಕ್ರಮ ಹೀಗಿರಲಿ. ಬೆಟ್ಟದ ಮೇಲೆ ನಿಂತರೆ ಇಡೀ ಕುದುರೆ ಕಾಣುವುದಿಲ್ಲ, ಒಂದು ಕಿವಿಯೋ ಬೆನ್ನಿನ ಬಳುಕೋ ಕಾಣುತ್ತದೆ ಅಷ್ಟೆ. ಆದ್ದರಿಂದ ಮೊದಲು ಉತ್ತರದ ಬಯಲಿನ ಹಳ್ಳಿರಸ್ತೆಗಳಿಂದ ನೋಡಿ, ಆಮೇಲೆ ಹತ್ತಿ. ಸುಣ್ಣದ ಮೇಲೆ ಕಾಲಿಡಬೇಡಿ. ಕೆಳಗೆ ಚಪ್ಪಟೆ ತಲೆಯ ಡ್ರ್ಯಾಗನ್ ಹಿಲ್ ಇದೆ. ಸಂತ ಜಾರ್ಜ್ ಕೊಂದ ಡ್ರ್ಯಾಗನ್‌ನ ರಕ್ತ ಬಿದ್ದಲ್ಲಿ ಹುಲ್ಲು ಹುಟ್ಟುವುದಿಲ್ಲ ಎನ್ನುತ್ತಾರೆ. ಕಾಲಲ್ಲಿ ಶಕ್ತಿಯಿದ್ದರೆ ರಿಡ್ಜ್‌ವೇ ಎಂಬ ಹಳೆಯ ದಾರಿ ಹಿಡಿದು ಎರಡು ಕಿಲೋಮೀಟರ್ ನಡೆಯಿರಿ, ಮರಗಳ ನಡುವೆ ವೇಲ್ಯಾಂಡ್ಸ್ ಸ್ಮಿದಿ ಸಿಗುತ್ತದೆ. ಕುದುರೆಗಿಂತಲೂ ಸಾವಿರಾರು ವರ್ಷ ಹಳೆಯ ಕಲ್ಲುಗೋರಿ. ಲಾಳ ಕಳೆದುಕೊಂಡ ಕುದುರೆಯನ್ನು ಅಲ್ಲಿ ಕಟ್ಟಿ ಒಂದು ಬೆಳ್ಳಿಕಾಸು ಇಟ್ಟು ಹೋದರೆ, ಬೆಳಗಾಗುವಷ್ಟರಲ್ಲಿ ಕಣ್ಣಿಗೆ ಕಾಣದ ಕಮ್ಮಾರ ಲಾಳ ಹೊಡೆದಿರುತ್ತಾನೆಂದು ಪ್ರತೀತಿ.

ಬೇಸಿಗೆಯಲ್ಲಿ ಹೋಗುವವರು ಸುಣ್ಣ ಜಜ್ಜುವ ದಿನ ಯಾವುದೆಂದು ಟ್ರಸ್ಟ್‌ನವರಲ್ಲಿ ಮೊದಲೇ ವಿಚಾರಿಸಿಕೊಳ್ಳಿ. ಸಾಧ್ಯವಾದರೆ ನೀವೂ ಒಂದು ಸುತ್ತಿಗೆ ಹಿಡಿಯಿರಿ. ಅರ್ಧ ಗಂಟೆಯಾದ ಮೇಲೆ ಎಷ್ಟು ಜಾಗ ಮುಗಿಯಿತೆಂದು ನೋಡಿಕೊಳ್ಳಿ. ಈ ಕೆಲಸಕ್ಕೆ ಜನ ಸೇರಿಸಲು ಕುಸ್ತಿ, ಚೀಸ್ ಎಲ್ಲ ಯಾಕೆ ಬೇಕಾಯಿತೆಂಬುದು ತಾನಾಗಿಯೇ ತಿಳಿಯುತ್ತದೆ.